ಹಿನ್ನೀರಿಗೆ ದೋಣಿ ಎಳೆಯಲು ಎಂಥ ಪಿಕಪ್ ಬೇಕು?

ಗೊರೂರಿನ ಹೇಮಾವತಿ, ಬೇಲೂರಿನ ಯಗಚಿ, ಲಕ್ಕವಳ್ಳಿಯ ಭದ್ರಾ ಜಲಾಶಯಗಳ ಆಸುಪಾಸಿನಲ್ಲಿ ತೋಟವನ್ನೋ ಹೋಂಸ್ಟೇಯನ್ನೋ ನಡೆಸುವವರಲ್ಲಿ, ಸಣ್ಣದೊಂದು ಫೈಬರ್ ದೋಣಿ ಕೊಂಡು, ಬೇಕಾದಾಗ ನೀರಿಗಿಳಿಸಿ, ಕೆಲಸ ಮುಗಿದ ಮೇಲೆ ಮನೆಯ ಅಂಗಳಕ್ಕೆ ತಂದು ನಿಲ್ಲಿಸಿಕೊಳ್ಳಬೇಕೆಂಬ ಆಸೆಯುಳ್ಳವರು ಇದ್ದಾರೆ. ದೋಣಿಯ ಬೆಲೆ, ಎಂಜಿನ್, ಲೈಫ್ ಜಾಕೆಟ್ ಎಲ್ಲವನ್ನೂ ವಿಚಾರಿಸಿದ ಮೇಲೆ ಉಳಿಯುವ ಪ್ರಶ್ನೆ, ಅದನ್ನು ಎಳೆಯುವ ವಾಹನ ಯಾವುದಿರಬೇಕು ಎಂಬುದು. ಹೆಚ್ಚಿನವರು ನೇರವಾಗಿ ಷೋರೂಮಿಗೆ ಹೋಗಿ ಎಂಜಿನ್‌ನ ಶಕ್ತಿ ಎಷ್ಟು ಎಂದು ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಷೋರೂಮು ಕೊನೆಯ ಹಂತವಾಗಬೇಕು. ಮೊದಲು ದೋಣಿಯ ತೂಕ, ಅನಂತರ ಅದನ್ನು ಇಳಿಸುವ ದಡ, ಆಮೇಲೆ ದಾರಿ. ಇವು ಮೂರೂ ಸ್ಪಷ್ಟವಾದರೆ ವಾಹನದ ಆಯ್ಕೆಯ ಅರ್ಧ ಕೆಲಸ ಮುಗಿದಂತೆ.

ಮೊದಲು ತೂಕದ ಚೀಟಿ

ಹದಿನಾಲ್ಕು ಅಡಿಯ ತೆರೆದ ಫೈಬರ್ ದೋಣಿ ಬರಿಮೈಯಲ್ಲಿ ಸುಮಾರು 200ರಿಂದ 300 ಕಿಲೋ ತೂಗುತ್ತದೆ. 25 ಅಶ್ವಶಕ್ತಿಯ ಟೂ ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂತುದಿಗೆ ಹೊರಗಿನಿಂದ ಸಿಕ್ಕಿಸುವ) ಎಂಜಿನ್ ಹೆಚ್ಚುಕಡಿಮೆ 50 ಕಿಲೋ. 40 ಅಶ್ವಶಕ್ತಿಯ ಫೋರ್ ಸ್ಟ್ರೋಕ್ ಆದರೆ ಅದರ ಎರಡರಷ್ಟು. 25 ಲೀಟರ್ ಪೆಟ್ರೋಲ್ ಎಂದರೆ ಸುಮಾರು 19 ಕಿಲೋ. ಇದಕ್ಕೆ ಲಂಗರು, ಹಗ್ಗ, ಬ್ಯಾಟರಿ, ಹುಟ್ಟು, ಲೈಫ್ ಜಾಕೆಟ್‌ಗಳು ಸೇರಬೇಕು. ಒಂದೇ ಅಚ್ಚಿನ ಕಬ್ಬಿಣದ ಟ್ರೇಲರ್ ತಾನೇ 150ರಿಂದ 250 ಕಿಲೋ ಇರುತ್ತದೆ. ಒಟ್ಟು 500ರಿಂದ 650 ಕಿಲೋ, ಅಂದರೆ 50 ಕಿಲೋದ ಹತ್ತು-ಹದಿಮೂರು ಕಾಫಿ ಚೀಲಗಳಷ್ಟು ಭಾರ. ಆದರೆ ಈ ಲೆಕ್ಕ ಅಂದಾಜಿಗೆ ಮಾತ್ರ. ದೋಣಿ ಮಾರುವವರು ಹೇಳುವ ತೂಕದಲ್ಲಿ ಟ್ರೇಲರಾಗಲಿ ಎಂಜಿನ್ನಾಗಲಿ ಸೇರಿರುವುದಿಲ್ಲವಾದ್ದರಿಂದ, ಎಲ್ಲವನ್ನೂ ಹೇರಿ, ಟ್ಯಾಂಕ್ ತುಂಬಿಸಿ, ಶುಂಠಿ ಲಾರಿಗಳು ತೂಕ ಹಾಕಿಸುವ ಯಾವುದಾದರೂ ವೇಬ್ರಿಡ್ಜ್‌ನಲ್ಲಿ ಒಮ್ಮೆ ತೂಗಿಸಿ ಚೀಟಿ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು ತೂಕವಿದೆ, ಅದನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ಟ್ರೇಲರ್‌ನ ಮೂತಿ ವಾಹನದ ಕೊಂಡಿಯ ಮೇಲೆ ಒತ್ತುವ ಭಾರ ಅದು. ದೋಣಿಯ ಟ್ರೇಲರ್‌ಗಳಲ್ಲಿ ಇದು ಒಟ್ಟು ತೂಕದ ಶೇ 5ರಿಂದ 10ರಷ್ಟಿರಬೇಕು. 650 ಕಿಲೋಗೆ ಸುಮಾರು 33ರಿಂದ 65 ಕಿಲೋ. ಅದಕ್ಕಿಂತ ಕಡಿಮೆಯಾದರೆ ವೇಗ ಏರಿದಂತೆ ಟ್ರೇಲರ್ ಎಡಕ್ಕೂ ಬಲಕ್ಕೂ ತೂಗಾಡತೊಡಗುತ್ತದೆ; ಹೆಚ್ಚಾದರೆ ಪಿಕಪ್‌ನ ಹಿಂಭಾಗ ಕುಸಿದು, ಮುಂದಿನ ಚಕ್ರಗಳ ಹಿಡಿತ ಸಡಿಲವಾಗಿ, ಸ್ಟಿಯರಿಂಗ್ ಹಗುರಾಗುತ್ತದೆ. ತೋಟದ ಕಣದಲ್ಲಿ ಚೀಲ ತೂಗುವ ತಕ್ಕಡಿಯೇ ಇದನ್ನು ಅಳೆಯಲು ಸಾಕು. ಟ್ರೇಲರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಕೊಂಡಿಯಷ್ಟೇ ಎತ್ತರಕ್ಕೆ ಬರುವಂತೆ ಮರದ ತುಂಡೊಂದನ್ನು ತಕ್ಕಡಿಯ ಮೇಲೆ ನಿಲ್ಲಿಸಿ, ಅದರ ಮೇಲೆ ಮೂತಿಯನ್ನು ಇಳಿಸಬೇಕು. ಬಂದ ತೂಕದಲ್ಲಿ ಮರದ ತುಂಡಿನ ತೂಕ ಕಳೆಯಬೇಕು. ಎಂಜಿನ್ ದೋಣಿಯ ಹಿಂತುದಿಯಲ್ಲಿ ನೇತಾಡುವುದರಿಂದ ಮೂತಿಯ ಭಾರ ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ. ಆಗ ಟ್ರೇಲರ್ ಮೇಲೆ ದೋಣಿಯನ್ನು ಸ್ವಲ್ಪ ಮುಂದಕ್ಕೆ ಸರಿಸಿ ಮತ್ತೆ ತೂಗಬೇಕು. ಈ ಭಾರವೂ ವಾಹನದ ಹೊರೆಯ ಮಿತಿಯೊಳಗೇ ಸೇರುತ್ತದೆ ಎಂಬುದನ್ನು ನೆನಪಿಡಬೇಕು: ಐದು ಜನ, ಸಾಮಾನು, ಕೊಂಡಿ ಮತ್ತು ಟ್ರೇಲರ್ ಮೂತಿಯ ಒತ್ತಡ ಎಲ್ಲ ಕೂಡಿದರೂ ಕಂಪನಿ ನಿಗದಿಪಡಿಸಿದ ಮಿತಿ ದಾಟಬಾರದು.

ದಡವೇ ನಿಜವಾದ ಪರೀಕ್ಷೆ

650 ಕಿಲೋವನ್ನು ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಎಳೆಯುವುದು ಇಂದಿನ ಯಾವ ಡೀಸೆಲ್ ಪಿಕಪ್‌ಗೂ ದೊಡ್ಡ ಕೆಲಸವಲ್ಲ. ಕಷ್ಟವಿರುವುದು ಕೊನೆಯ ನೂರು ಅಡಿಯಲ್ಲಿ. ನಮ್ಮ ಜಲಾಶಯಗಳ ದಡಗಳಲ್ಲಿ ದೋಣಿ ಇಳಿಸಲೆಂದೇ ಕಾಂಕ್ರೀಟ್ ಹಾಸಿದ ಇಳಿಜಾರುಗಳು ವಿರಳ. ಮೇಲಾಗಿ ದಡ ಒಂದೇ ಕಡೆ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ನೀರಿನಿಂದ ಸುತ್ತುವರಿಯುವ ಶೆಟ್ಟಿಹಳ್ಳಿಯ ಪಾಳು ಚರ್ಚಿಗೆ ಬೇಸಿಗೆಯಲ್ಲಿ ನಡೆದೇ ಹೋಗಬಹುದಾದಷ್ಟು ಹೇಮಾವತಿಯ ಹಿನ್ನೀರು ಹಿಂದೆ ಸರಿಯುತ್ತದೆ. ಹಾಗೆ ಸರಿದ ನೀರು ಬಿಟ್ಟುಹೋಗುವುದು ಹೂಳನ್ನು. ಮೇಲುಗಡೆ ಬಿಸಿಲಿಗೆ ಒಣಗಿ ಬಿರುಕುಬಿಟ್ಟ ಹೂಳು ಗಟ್ಟಿ ನೆಲದಂತೆ ಕಂಡರೂ, ಹಿಮ್ಮಡಿಯೂರಿ ಒತ್ತಿದರೆ ಬೆರಳುದ್ದದ ಕೆಳಗೆ ಹಸಿ ಜೇಡಿ ಸಿಗುತ್ತದೆ. ಸೆಪ್ಟೆಂಬರಿನಲ್ಲಿ ಹುಲ್ಲುನೆಲದ ಮೇಲೆ ಸಲೀಸಾಗಿ ದೋಣಿ ಇಳಿಸಿದವರು ಏಪ್ರಿಲ್‌ನಲ್ಲಿ ಅದೇ ಜಾಗದಲ್ಲಿ ಅಚ್ಚಿನವರೆಗೆ ಹೂತುಕೊಳ್ಳುವುದು ಇದರಿಂದಲೇ. ಹಾಗಾಗಿ ದಡವನ್ನು ನೀರು ತುಂಬಿದಾಗ ಮಾತ್ರವಲ್ಲ, ಕಡುಬೇಸಿಗೆಯಲ್ಲಿಯೂ ನೋಡಿ ಬಂದು ತೀರ್ಮಾನಿಸಬೇಕು.

ಸಾಮಾನ್ಯ ಪಿಕಪ್‌ಗಳಲ್ಲಿ ಎಂಜಿನ್ ಮುಂದಿರುತ್ತದೆ, ಎಳೆಯುವುದು ಹಿಂದಿನ ಚಕ್ರ. ತೊಟ್ಟಿ ಖಾಲಿಯಿದ್ದಾಗ ಹಿಂಚಕ್ರದ ಮೇಲೆ ಭಾರವೇ ಇಲ್ಲದೆ, ಒದ್ದೆ ನೆಲದಲ್ಲಿ ಚಕ್ರ ನಿಂತಲ್ಲೇ ತಿರುಗುತ್ತದೆ. ತೊಟ್ಟಿಯಲ್ಲಿ ಹಿಂದಿನ ಅಚ್ಚಿನ ನೇರಕ್ಕೆ ನಾಲ್ಕೈದು ಮರಳಿನ ಚೀಲ ಇಟ್ಟರೆ ಹಿಡಿತ ಸ್ವಲ್ಪ ಸುಧಾರಿಸುತ್ತದೆ. ಆದರೆ ಜೇಡಿ ದಡಕ್ಕೆ ಅದು ಪೂರ್ತಿ ಪರಿಹಾರವಲ್ಲ. ದೋಣಿಯನ್ನು ಹೂಳಿನ ದಡದಲ್ಲಿಯೇ ಇಳಿಸುವ ಅನಿವಾರ್ಯತೆ ಇದ್ದರೆ ಲೋ ರೇಂಜ್ (ಚಕ್ರಗಳನ್ನು ಬಹಳ ನಿಧಾನವಾಗಿ, ಹೆಚ್ಚು ಬಲದಿಂದ ತಿರುಗಿಸುವ ಗೇರು) ಇರುವ ಫೋರ್ ವೀಲ್ ಡ್ರೈವ್ ವಾಹನವನ್ನೇ ಆರಿಸಬೇಕೆಂಬುದು ನನ್ನ ಖಚಿತವಾದ ಸಲಹೆ. ಲೋ ರೇಂಜಿನ ಉಪಯೋಗ ಹಿಡಿತಕ್ಕಿಂತ ಹೆಚ್ಚಾಗಿ ನಿಧಾನದಲ್ಲಿದೆ. ಏರುಮುಖವಾಗಿ ನಿಂತ ವಾಹನ ದೋಣಿಯ ಸಮೇತ ಹೊರಡುವಾಗ, ಸಾಮಾನ್ಯ ಗೇರಿನಲ್ಲಿ ಕ್ಲಚ್ ಅರ್ಧ ಒತ್ತಿಹಿಡಿದೇ ಎಳೆಯಬೇಕಾಗುತ್ತದೆ. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುವುದು ಆಗಲೇ. ಲೋ ರೇಂಜಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು, ಎಂಜಿನ್‌ನ ಕಡಿಮೆ ಸುತ್ತಿನಲ್ಲಿಯೇ ನಡಿಗೆಯ ವೇಗದಲ್ಲಿ ಮೇಲೆ ಬರಬಹುದು. ಟಾರ್ಕ್ ಕನ್ವರ್ಟರ್ (ಕ್ಲಚ್ ಪ್ಲೇಟಿನ ಬದಲು ಎಣ್ಣೆಯ ಮೂಲಕ ಬಲ ಸಾಗಿಸುವ ಜೋಡಣೆ) ಇರುವ ಆಟೊಮ್ಯಾಟಿಕ್ ಗೇರುಳ್ಳ ವಾಹನಗಳಿಗೆ ಸವೆಯುವ ಈ ಕ್ಲಚ್‌ನ ತೊಂದರೆಯಿಲ್ಲ. ಆದರೆ ಅವುಗಳ ಗೇರ್ ಆಯಿಲ್ ಬಿಸಿಯಾಗುವುದರಿಂದ ಅದನ್ನು ಹೊತ್ತಿಗೆ ಸರಿಯಾಗಿ ಬದಲಿಸಬೇಕು. ಪಿಕಪ್‌ಗಳಲ್ಲಿ ಸಾಮಾನ್ಯವಾಗಿರುವ ಪಾರ್ಟ್ ಟೈಮ್, ಅಂದರೆ ಬೇಕಾದಾಗ ಮಾತ್ರ ಹಾಕಿಕೊಳ್ಳುವ, ಫೋರ್ ವೀಲ್ ವ್ಯವಸ್ಥೆಯನ್ನು ಒಣ ಡಾಂಬರಿನ ಮೇಲೆ ಹಾಕಿಕೊಂಡು ಓಡಿಸಬಾರದು. ತಿರುವುಗಳಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆಬೇರೆ ದೂರ ಕ್ರಮಿಸುವುದರಿಂದ ಗೇರ್ ವ್ಯವಸ್ಥೆ ಬಿಗಿದುಕೊಳ್ಳುತ್ತದೆ.

ಘಾಟಿ ಇಳಿಯುವ ಲೆಕ್ಕ

ಮಂಗಳೂರು ಅಥವಾ ಮಲ್ಪೆ ಕಡೆಯಿಂದ ದೋಣಿ ಕೊಂಡು ತರುವವರಿಗೂ, ಸಮುದ್ರಕ್ಕೆ ಕೊಂಡೊಯ್ಯುವವರಿಗೂ ಶಿರಾಡಿಯೋ ಚಾರ್ಮಾಡಿಯೋ ತಪ್ಪದು. ಇವೆರಡರಲ್ಲಿ ಟ್ರೇಲರ್‌ಗೆ ಶಿರಾಡಿ ವಾಸಿ. ಚಾರ್ಮಾಡಿಯ ಹೇರ್‌ಪಿನ್ ತಿರುವುಗಳಲ್ಲಿ ಟ್ರೇಲರ್‌ನ ಚಕ್ರ ವಾಹನದ ಚಕ್ರಕ್ಕಿಂತ ಒಳಗಿನ ಜಾಡು ಹಿಡಿಯುವುದರಿಂದ ಒಳಬದಿಯ ಮೋರಿಗೋ ತಡೆಗಲ್ಲಿಗೋ ತಾಗುವ ಸಂಭವ ಹೆಚ್ಚು. ಎರಡೂ ಘಾಟಿಗಳಲ್ಲಿ ಮಳೆಗಾಲದ ಮಣ್ಣುಕುಸಿತದ ಸುದ್ದಿ ವಿಚಾರಿಸಿಕೊಂಡೇ ಹೊರಡಬೇಕು.

ಶೇ 10ರ ಏರಿನಲ್ಲಿ, ಎರಡೂ ಸೇರಿ ಮೂರು ಟನ್ ತೂಗುವ ವಾಹನ ಮತ್ತು ಟ್ರೇಲರನ್ನು ಹತ್ತಿಸಲು ಏರಿಗೆಂದೇ ಸುಮಾರು 300 ಕಿಲೋ ಭಾರ ಎತ್ತುವಷ್ಟು ಬಲ ಬೇಕು. ಇಳಿಯುವಾಗ ಅಷ್ಟೇ ಬಲ ಹಿಂದಿನಿಂದ ನೂಕುತ್ತದೆ. ವೇಗ 40 ಕಿ.ಮೀ.ಯಿಂದ 60ಕ್ಕೆ ಏರಿದರೆ ವಾಹನ ನಿಲ್ಲಿಸಲು ಬ್ರೇಕ್ ಹೀರಬೇಕಾದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ. ಆದ್ದರಿಂದ ಕೊಳ್ಳುವ ಮುನ್ನ ಎಂಜಿನ್‌ಗಿಂತ ಬ್ರೇಕಿನ ಬಗ್ಗೆ ಹೆಚ್ಚು ಪ್ರಶ್ನೆ ಕೇಳಬೇಕು: ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಇದೆಯೇ, ಟ್ರೇಲರ್ ತೂಗಾಡಿದರೆ ಹತೋಟಿಗೆ ತರುವ ವ್ಯವಸ್ಥೆ ಇದೆಯೇ, ಎರಡನೇ ಗೇರಿನಲ್ಲಿ ಎಂಜಿನ್ ತಾನೇ ವಾಹನವನ್ನು ತಡೆಹಿಡಿಯುತ್ತದೆಯೇ? ಯುರೋಪಿನ ದೇಶಗಳಲ್ಲಿ ಒಟ್ಟು 750 ಕಿಲೋ ದಾಟಿದ ಟ್ರೇಲರ್‌ಗೆ ತನ್ನದೇ ಬ್ರೇಕ್ ಕಡ್ಡಾಯ. ಘಾಟಿ ಇಳಿಯುವವರು 500 ಕಿಲೋ ದಾಟಿದರೂ ಬ್ರೇಕಿರುವ ಟ್ರೇಲರನ್ನೇ ಮಾಡಿಸಿಕೊಳ್ಳಲಿ ಎನ್ನುತ್ತೇನೆ.

ಈಗ ಷೋರೂಮಿಗೆ

ತೋಟಗಳಲ್ಲಿ ದುಡಿಯುವ ಮಹೀಂದ್ರ ಬೊಲೆರೊ ಪಿಕಪ್, ಟಾಟಾ ಯೋಧಾ ಮೊದಲಾದವುಗಳ ಬಗ್ಗೆ ಹೇಳುವ ಟನ್ ಲೆಕ್ಕ, ತೊಟ್ಟಿಯಲ್ಲಿ ಹೊರುವ ಭಾರದ್ದು. ಕೊಂಡಿಗೆ ಕಟ್ಟಿ ಎಳೆಯುವ ಭಾರದ್ದಲ್ಲ. ಹೊರುವಾಗ ಭಾರ ಸ್ಪ್ರಿಂಗ್ ಪ್ಲೇಟುಗಳ ಮೇಲೆ ಕೂರುತ್ತದೆ, ಎಳೆಯುವಾಗ ಚಾಸಿಯ ಹಿಂತುದಿಯನ್ನು ಜಗ್ಗುತ್ತದೆ. ಒಂದು ಗುಣದಿಂದ ಇನ್ನೊಂದನ್ನು ಊಹಿಸಿಕೊಳ್ಳುವುದು ಸರಿಯಲ್ಲ. ಹಾಗೆಂದು ಇವು ನಿರುಪಯುಕ್ತವೂ ಅಲ್ಲ. ಹತ್ತಿರದ ಹಿನ್ನೀರಿಗೆ, ಗಟ್ಟಿ ದಡಕ್ಕೆ, ಹಗುರವಾದ ದೋಣಿಯನ್ನು ನಿಧಾನವಾಗಿ ಒಯ್ಯುವವರು, ಕಂಪನಿಯ ಕೈಪಿಡಿ ಒಪ್ಪುವುದಾದರೆ, ಮನೆಯಲ್ಲಿರುವ ಪಿಕಪ್ ಬಿಟ್ಟು ಹೊಸದನ್ನು ಕೊಳ್ಳಬೇಕಿಲ್ಲ.

ಹೂಳಿನ ದಡ ಮತ್ತು ಘಾಟಿ ಎರಡೂ ಇರುವವರು ನೋಡಬೇಕಾದವು ಇಸುಜು ವಿ-ಕ್ರಾಸ್ ಮತ್ತು ಟೊಯೋಟಾ ಹೈಲಕ್ಸ್‌ನಂಥ ವಾಹನಗಳು. ವಿ-ಕ್ರಾಸ್‌ನ 1.9 ಲೀಟರ್ ಡೀಸೆಲ್ ಎಂಜಿನ್ 360 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. 2022ರಲ್ಲಿ ಭಾರತಕ್ಕೆ ಬಂದ ಹೈಲಕ್ಸ್‌ನ 2.8 ಲೀಟರ್ ಎಂಜಿನ್ ಮ್ಯಾನ್ಯುಯಲ್‌ನಲ್ಲಿ 420, ಆಟೊಮ್ಯಾಟಿಕ್‌ನಲ್ಲಿ 500 ಕೊಡುತ್ತದೆ. ಎರಡರಲ್ಲೂ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರ ಮೂರು ಮೀಟರಿಗೂ ಹೆಚ್ಚು. ಈ ಅಂತರ ಹೆಚ್ಚಿದ್ದಷ್ಟೂ ಟ್ರೇಲರ್‌ನ ತೂಗಾಟಕ್ಕೆ ವಾಹನ ಸುಲಭವಾಗಿ ಅಲುಗುವುದಿಲ್ಲ. ವಿದೇಶಗಳಲ್ಲಿ ಇದೇ ಹೆಸರಿನ ವಾಹನಗಳಿಗೆ 3,500 ಕಿಲೋವರೆಗೆ ಎಳೆಯುವ ಸಾಮರ್ಥ್ಯ ನಮೂದಾಗಿರುವುದನ್ನು ಮಾರಾಟಗಾರರು ತೋರಿಸಬಹುದು. ಅದು ಆಯಾ ದೇಶದ ಮಾದರಿಗೆ, ಬ್ರೇಕಿರುವ ಟ್ರೇಲರ್‌ಗೆ ಅನ್ವಯಿಸುವ ಅಂಕಿ. ನಿಮ್ಮ ಮಾದರಿಗೆ ಇಲ್ಲಿ ಅನುಮತಿಸಿರುವ ಭಾರವನ್ನು ಕೈಪಿಡಿಯಲ್ಲಿ ನೋಡಬೇಕು. ಅಲ್ಲಿಲ್ಲದಿದ್ದರೆ ಕಂಪನಿಯಿಂದ ಬರಹದಲ್ಲಿ ಉತ್ತರ ಪಡೆಯಬೇಕು. ಬಾಯಿಮಾತಿನ ಭರವಸೆ ಗ್ಯಾರಂಟಿಯ ತಕರಾರು ಬಂದಾಗ ಉಪಯೋಗಕ್ಕೆ ಬರುವುದಿಲ್ಲ. ಸಿಕ್ಕ ಅಂಕಿಯ ಮೂರನೇ ಎರಡರಷ್ಟರೊಳಗೆ ನಿಮ್ಮ ವೇಬ್ರಿಡ್ಜ್ ಚೀಟಿಯ ತೂಕ ಇದ್ದರೆ ನಮ್ಮ ಘಾಟಿಗಳಿಗೆ ನೆಮ್ಮದಿ.

ಹಳೆಯ ವಾಹನ ಕೊಳ್ಳುವವರು ಅದನ್ನು ಗ್ಯಾರೇಜಿನ ರ್‍ಯಾಂಪಿಗೆ ಹತ್ತಿಸಿ, ಚಾಸಿಯ ಹಿಂತುದಿಯಲ್ಲಿ ಹೊಸದಾಗಿ ವೆಲ್ಡಿಂಗ್ ಮಾಡಿದ ಗುರುತು, ತುಕ್ಕು, ಬಾಗು ಇದೆಯೇ ಎಂದು ನೋಡಿಸಬೇಕು. ಫೋರ್ ವೀಲ್ ಲಿವರ್ ಅಥವಾ ಸ್ವಿಚ್ಚನ್ನು ಮಣ್ಣಿನ ರಸ್ತೆಯಲ್ಲಿ ಹಾಕಿಯೇ ಪರೀಕ್ಷಿಸಬೇಕು. ವರ್ಷಗಟ್ಟಲೆ ಬಳಸದೆ ಬಿಟ್ಟದ್ದು ಕಚ್ಚಿಕೊಂಡಿರುವುದುಂಟು.

ಕೊಂಡಿ ಮತ್ತು ಕಾಗದ

ಕೊಂಡಿಯನ್ನು ಬಂಪರಿಗೆ ಬಿಗಿಯಲೇಬಾರದು, ಚಾಸಿಗೇ ಬೋಲ್ಟ್ ಹಾಕಬೇಕು. ಗುಂಡಿನ ಕೊಂಡಿಯಾದರೆ 50 ಮಿಲಿಮೀಟರ್ ಮತ್ತು ಎರಡು ಇಂಚು, ಅಂದರೆ 50.8 ಮಿಲಿಮೀಟರ್, ಕಣ್ಣಿಗೆ ಒಂದೇ ತರಹ ಕಂಡರೂ ಬೇರೆ ಅಳತೆಗಳು. ಗುಂಡು ಮತ್ತು ಅದರ ಮೇಲೆ ಕೂರುವ ಬಾಯಿ ಒಂದೇ ಅಳತೆಯವಾಗಿರಬೇಕು. ಎರಡು ಸರಪಳಿಗಳನ್ನು ಮೂತಿಯ ಕೆಳಗೆ ಅಡ್ಡಡ್ಡ ಹಾಯಿಸಿ ಹಾಕಿದರೆ, ಕೊಂಡಿ ಕಳಚಿದರೂ ಮೂತಿ ರಸ್ತೆಗೆ ಬಡಿಯದೆ ಸರಪಳಿಯ ಮೇಲೆ ನಿಲ್ಲುತ್ತದೆ.

ಮೋಟಾರು ವಾಹನ ಕಾಯ್ದೆಯಡಿ ಟ್ರೇಲರ್ ಕೂಡ ವಾಹನವೇ ಆದ್ದರಿಂದ ಅದಕ್ಕೆ ನೋಂದಣಿ ಬೇಕು. ವೆಲ್ಡಿಂಗ್ ಷಾಪಿಗೆ ಮುಂಗಡ ಕೊಡುವ ಮೊದಲೇ ಹಾಸನ ಅಥವಾ ಚಿಕ್ಕಮಗಳೂರಿನ ಆರ್‌ಟಿಒ ಕಚೇರಿಯಲ್ಲಿ, ಎಂಥ ಟ್ರೇಲರ್ ನೋಂದಣಿಯಾಗುತ್ತದೆ, ಖಾಸಗಿ ವಾಹನಕ್ಕೆ ಅದನ್ನು ಕಟ್ಟಲು ಏನೇನು ಬೇಕು ಎಂದು ವಿಚಾರಿಸಬೇಕು. ವಿಮಾ ಕಂಪನಿಗೂ ತಿಳಿಸಬೇಕು. ಎಂಜಿನ್ ಇರುವ ದೋಣಿಗೆ 2021ರ ಒಳನಾಡು ಹಡಗುಗಳ ಕಾಯ್ದೆ ಅನ್ವಯಿಸುತ್ತದೆ; ಜಲಾಶಯಕ್ಕೆ ಇಳಿಸಲು ಹೇಮಾವತಿ, ಯಗಚಿಯಲ್ಲಾದರೆ ಕಾವೇರಿ ನೀರಾವರಿ ನಿಗಮವನ್ನು, ಭದ್ರಾದಲ್ಲಾದರೆ ಕರ್ನಾಟಕ ನೀರಾವರಿ ನಿಗಮವನ್ನು ಕೇಳಬೇಕು. ಭದ್ರಾ ಹಿನ್ನೀರಿನ ಬಹುಭಾಗ ಹುಲಿ ಸಂರಕ್ಷಿತ ಪ್ರದೇಶಕ್ಕೆ ತಾಗಿಕೊಂಡಿರುವುದರಿಂದ ಅಲ್ಲಿ ಅರಣ್ಯ ಇಲಾಖೆಯ ಮಾತೂ ಮುಖ್ಯ.

ಎಲ್ಲ ಸಿದ್ಧವಾದ ಮೇಲೆ ಮೊದಲ ಸಲ ನೀರಿಗಿಳಿಸುವಾಗ ದಡದಲ್ಲಿ ಅರ್ಧ ಗಂಟೆ ಕಾಯಿರಿ. ಓಡಿ ಬಂದ ಟ್ರೇಲರ್‌ನ ಚಕ್ರದ ಹಬ್ ಕೈ ಸುಡುವಷ್ಟು ಬಿಸಿಯಿದ್ದರೆ, ತಣ್ಣೀರಿಗೆ ಮುಳುಗಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಬೇರಿಂಗಿನೊಳಕ್ಕೆ ನೀರು ಸೇರುತ್ತದೆ. ಕಾಯುವ ಹೊತ್ತಿನಲ್ಲಿ ಟ್ರೇಲರ್ ಲೈಟಿನ ಪ್ಲಗ್ ಕಳಚಿ, ಚಕ್ರ ತಣಿದ ಮೇಲೆ ಇಳಿಸಿ. ಮನೆಗೆ ಮರಳಿದಾಗ ಬೇರಿಂಗಿಗೆ ಹೊಸ ಗ್ರೀಸ್ ತುಂಬಿಸಿ.