ಬಳ್ಳಾರಿಯ ಬಾರುಗಳಲ್ಲಿ ಕರಿ ಬಿಯರ್: ಒಂದು ಸಂಜೆಯ ಸುತ್ತು ಹಾಕುವ ಬಗೆ

ನಮ್ಮ ಬಳ್ಳಾರಿಯಲ್ಲಿ ಬಿಯರ್ ಎಂದರೆ ಮುಟ್ಟಿದರೆ ಬೆರಳು ಜೋಮು ಹಿಡಿಯುವಷ್ಟು ತಣ್ಣಗಿರುವ, 650 ಎಂ.ಎಲ್.ನ ಸ್ಟ್ರಾಂಗ್ ಬಾಟಲಿ. ಬಿಸಿಲಿನಿಂದ ಬಂದು ಕುಳಿತವರು ಮೊದಲ ಗ್ಲಾಸನ್ನು ಮಡಕೆಯ ನೀರಿನಂತೆ ಗಟಗಟನೆ ಮುಗಿಸುತ್ತಾರೆ, ರುಚಿಯ ಮಾತು ಎರಡನೆಯ ಗ್ಲಾಸಿನಲ್ಲೂ ಬರುವುದಿಲ್ಲ. ಸ್ಟೌಟ್ ಎಂಬ ಕರಿ ಬಿಯರಿಗೆ ಈ ಚಳಿಯೂ ಆಗದು, ಈ ಅವಸರವೂ ಆಗದು. ಬಡಾವಣೆಯ ಮೂರು ಬಾರುಗಳನ್ನು ಒಂದೇ ಸಂಜೆ ಸುತ್ತಿ ಸ್ಟೌಟಿನ ರುಚಿ ನೋಡಬೇಕೆನ್ನುವವರಿಗೆ ನಾನು ಮುಂದೆ ಹೇಳುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಆ ಬಾಟಲಿಯನ್ನು ಐಸಿನಿಂದ ಹೇಗೆ ಕಾಪಾಡಿಕೊಳ್ಳಬೇಕು ಎಂಬುದೇ ಆಗಿದೆ.

ನನ್ನ ಮೊದಲ ಸುತ್ತು ಕೆಟ್ಟದ್ದು ಅಲ್ಲಿಯೇ. ಹುಡುಗ ಬಾಟಲಿ ತೆರೆದು, ಫ್ರೀಜರಿನಲ್ಲಿಟ್ಟು ಬೆಳ್ಳಗಾಗಿದ್ದ ಗ್ಲಾಸಿಗೆ ಸುರಿದವನೇ ಅದರ ಬಣ್ಣ ಕಂಡು ಗಾಬರಿಯಾದ. ಗ್ಲಾಸನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, "ಅಣ್ಣಾ, ಇದು ಕೆಟ್ಟೋಗೈತಿ, ತಡೀರಿ, ಬ್ಯಾರೇದು ತರ್ತೀನಿ" ಎಂದು ಹೊರಟೇಬಿಟ್ಟ. ಅವನನ್ನು ತಡೆದು, ಇದು ಇರುವುದೇ ಹೀಗೆ ಎಂದು ಒಪ್ಪಿಸುವಷ್ಟರಲ್ಲಿ, ಉಪಕಾರವಾಗಲಿ ಎಂದು ಎರಡು ತುಂಡು ಐಸನ್ನೂ ಹಾಕಿಕೊಟ್ಟ. ಆ ದಿನ ನಾನು ಕುಡಿದದ್ದು ಕಹಿಯಾದ ತಣ್ಣೀರು. ಆದರೆ ಅವನು ಗ್ಲಾಸನ್ನು ಬೆಳಕಿಗೆ ಹಿಡಿದಾಗ ಒಂದನ್ನು ಕಂಡೆ: ಕಪ್ಪು ಎಂದುಕೊಂಡಿದ್ದ ಬಿಯರಿನ ಅಂಚು ದಾಳಿಂಬೆ ಕಾಳಿನಂತೆ ಕೆಂಪಗಿತ್ತು. ಒಳ್ಳೆಯ ಸ್ಟೌಟನ್ನು ಈಗಲೂ ನಾನು ಮೊದಲು ಬೆಳಕಿಗೆ ಹಿಡಿದೇ ನೋಡುತ್ತೇನೆ.

ಇದು ಕಪ್ಪಗೇಕೆ ಎಂದು ಬಾರಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರಾದ್ದರಿಂದ ಉತ್ತರವನ್ನು ತಿಳಿದಿರುವುದು ಒಳ್ಳೆಯದು. ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಬೀದಿಯಲ್ಲೂ ನದಿಯ ದಡದಲ್ಲೂ ಹೊರೆ ಹೊರುತ್ತಿದ್ದ ಹಮಾಲರು ಮೆಚ್ಚಿ ಕುಡಿಯುತ್ತಿದ್ದ ಕಂದು ಬಿಯರಿಗೆ ಅವರ ಹೆಸರೇ ಅಂಟಿ ಪೋರ್ಟರ್ ಎಂದಾಯಿತು. ಅದರಲ್ಲಿ ಹೆಚ್ಚು ಗಟ್ಟಿಯಾದುದನ್ನು ಸ್ಟೌಟ್ ಪೋರ್ಟರ್ ಎಂದು ಕರೆದರು, ಕ್ರಮೇಣ ಸ್ಟೌಟ್ ಎಂಬುದಷ್ಟೇ ಉಳಿಯಿತು. 1817ರಲ್ಲಿ ಡೇನಿಯಲ್ ವೀಲರ್ ಎಂಬಾತ, ಕಾಫಿಪುಡಿ ಅಂಗಡಿಯವರು ಬೀಜ ಹುರಿಯುವ ಉರುಳೆಯಂಥದೇ ಒಂದು ಸಾಧನದಲ್ಲಿ ಬಾರ್ಲಿಯ ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳನ್ನು, ಹೊತ್ತಿಸದೆ ಕಪ್ಪಗೆ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಅಂಥ ಮಾಲ್ಟ್ ಸ್ವಲ್ಪವೇ ಬಿದ್ದರೂ ಇಡೀ ಹಂಡೆಯ ಬಿಯರ್ ಕಪ್ಪಾಗುತ್ತದೆ. ಡಬ್ಲಿನ್ನಿನಲ್ಲಿ ಆರ್ಥರ್ ಗಿನ್ನೆಸ್ 1759ರಲ್ಲಿ ವರ್ಷಕ್ಕೆ 45 ಪೌಂಡ್ ಬಾಡಿಗೆಯಂತೆ 9000 ವರ್ಷಗಳಿಗೆ ಭೋಗ್ಯಕ್ಕೆ ಪಡೆದ ಕಾರ್ಖಾನೆಯಿಂದ ಈ ಬಿಯರ್ ಲೋಕಕ್ಕೆಲ್ಲ ಹರಡಿತು. ಮೊಳಕೆ ಬರಿಸದ ಬಾರ್ಲಿಯನ್ನೇ ಹುರಿದು ಹಾಕುವ ಐರ್ಲೆಂಡಿನ ಪದ್ಧತಿಯಿಂದಾಗಿ ಅಲ್ಲಿಯ ಸ್ಟೌಟಿಗೆ ಸಿಹಿ ಕಡಿಮೆ, ಕಾಫಿಯಂಥ ಒಣ ಕಹಿ ಹೆಚ್ಚು. ಇನ್ನೊಂದು ಮಾತು: ಈಸ್ಟ್ ಇಂಡಿಯಾ ಕಂಪನಿ ಇಲ್ಲಿಯ ತನ್ನ ಬಿಳಿ ಸಿಪಾಯಿಗಳಿಗೆಂದು ಲಂಡನ್ನಿನಿಂದ ಪೋರ್ಟರ್ ಪೀಪಾಯಿಗಳನ್ನು ಹಡಗಿನಲ್ಲಿ ತರಿಸುತ್ತಿತ್ತು, ಬಳ್ಳಾರಿಯಾದರೋ ಮದ್ರಾಸ್ ಪ್ರಾಂತದ ದಂಡಿನ ಊರು, ಕಂಟೋನ್ಮೆಂಟ್ ಎಂಬ ಹೆಸರು ಇವತ್ತಿಗೂ ನಮ್ಮ ಬಾಯಲ್ಲಿದೆ. ಹಾಗಾಗಿ ಕರಿ ಬಿಯರಿಗೆ ನಮ್ಮೂರು ಪೂರಾ ಹೊಸದಲ್ಲವೇನೋ ಎಂಬುದು ನನ್ನ ಊಹೆ, ಊಹೆಯಷ್ಟೇ.

ಕಪ್ಪಗಿದ್ದ ಮಾತ್ರಕ್ಕೆ ಅಮಲು ಹೆಚ್ಚು ಎಂದು ತಿಳಿಯಬಾರದು. ಐರ್ಲೆಂಡಿನ ಪಬ್ಬುಗಳಲ್ಲಿ ನಲ್ಲಿಯಿಂದ ಹಿಡಿದು ಕೊಡುವ ಗಿನ್ನೆಸ್ಸಿನಲ್ಲಿ ಮದ್ಯಸಾರ ಶೇ. 4.2ರಷ್ಟೇ, ನಮ್ಮ ಸ್ಟ್ರಾಂಗ್ ಬಿಯರ್ ಶೇ. 8ರ ವರೆಗೂ ಹೋಗುತ್ತದೆ. ಆದರೆ ಶೇ. 7.5ರ ಗಿನ್ನೆಸ್ಸೂ ಇದೆ, ಶ್ರೀಲಂಕಾದ ಲಯನ್ ಸ್ಟೌಟ್ ಅದಕ್ಕಿಂತಲೂ ಗಡುಸು, ಆದ್ದರಿಂದ ಬಾಟಲಿಯ ಮೇಲಿನ ಅಂಕಿಯನ್ನು ಓದದೆ ತೆರೆಸಬಾರದು. ಪಿಂಟ್ ಎಂಬ ಮಾತಿನಲ್ಲೂ ಎಚ್ಚರ ಬೇಕು: ಡಬ್ಲಿನ್ನಿನ ಪಿಂಟ್ 568 ಎಂ.ಎಲ್., ನಮ್ಮ ಬಾರಿನ ಪಿಂಟ್ 330 ಎಂ.ಎಲ್. ಲೆಕ್ಕ ಹೀಗಿದೆ. ಶೇ. 5ರ 330 ಎಂ.ಎಲ್. ಬಾಟಲಿಯಲ್ಲಿ 16.5 ಎಂ.ಎಲ್. ಮದ್ಯಸಾರವಿರುತ್ತದೆ, ಶೇ. 42.8ರ ವಿಸ್ಕಿಯ 30 ಎಂ.ಎಲ್. ಪೆಗ್ಗಿನಲ್ಲಿ 12.8 ಎಂ.ಎಲ್.; ಶೇ. 8ರ ದೊಡ್ಡ ಸ್ಟ್ರಾಂಗ್ ಬಾಟಲಿಯಲ್ಲಿ 52 ಎಂ.ಎಲ್., ಅಂದರೆ ನಾಲ್ಕು ಸಣ್ಣ ಪೆಗ್. ಇಬ್ಬರು ಕೂಡಿ ಒಂದೊಂದು ಬಾರಿನಲ್ಲಿ ಶೇ. 5ರ ಒಂದು ಪಿಂಟನ್ನು ಹಂಚಿಕೊಂಡರೆ, ಮೂರು ಬಾರು ಮುಗಿಯುವಾಗ ಒಬ್ಬೊಬ್ಬರ ಹೊಟ್ಟೆಗೆ ಹೋಗಿರುವುದು ಹೆಚ್ಚುಕಡಿಮೆ ಎರಡು ಸಣ್ಣ ಪೆಗ್ಗಿನಷ್ಟು. ರುಚಿ ನೋಡುವ ಸುತ್ತಿಗೆ ಇಷ್ಟೇ ಸಾಕು, ನಾಲ್ಕನೆಯ ಬಾರು ಬೇಡ. ಅಲ್ಲಿಗೆ ಹೋಗುವ ಹೊತ್ತಿಗೆ ನಾಲಿಗೆ ಸಾಕ್ಷಿ ಹೇಳುವ ಸ್ಥಿತಿಯಲ್ಲಿರುವುದಿಲ್ಲ. ಇಪ್ಪತ್ತೊಂದು ತುಂಬದವರಿಗೆ ಈ ಬರಹ ಅಲ್ಲ.

ಈಗ ಕಷ್ಟದ ಕೆಲಸ, ಅಂದರೆ ಸ್ಟೌಟ್ ಸಿಗುವಂತೆ ಮಾಡಿಕೊಳ್ಳುವುದು. ನಮ್ಮ ಬಾರುಗಳ ಕಾರ್ಡಿನಲ್ಲಿ ಅದರ ಹೆಸರು ಕಾಣುವುದು ಅಪರೂಪ. ಟೇಬಲ್ಲಿನಲ್ಲಿ ಕುಳಿತು ಹುಡುಗನನ್ನು ಕೇಳಿದರೆ ಇಲ್ಲ ಎನ್ನುತ್ತಾನೆ. ಕೇಳಬೇಕಾದುದು ಗಲ್ಲೆಯ ಮೇಲೆ ಕುಳಿತವರನ್ನು, ಅದೂ ಗಿರಾಕಿಗಳಿಲ್ಲದ ಮಧ್ಯಾಹ್ನದ ಹೊತ್ತಿನಲ್ಲಿ. ಕರಿ ಬಿಯರ್ ಐತೇನು ಎಂದು ಕೇಳದೆ, ಗಿನ್ನೆಸ್, ಸಿಂಬಾ ಸ್ಟೌಟ್ ಎಂದು ಹೆಸರು ಹಿಡಿದು ಕೇಳಬೇಕು. ರಾಜ್ಯದಲ್ಲಿ ಬಾರುಗಳಿಗೆ ಸರಕು ಬರುವುದು ಪಾನೀಯ ನಿಗಮದ ಡಿಪೋದಿಂದ, ಪೆಟ್ಟಿಗೆಯ ಲೆಕ್ಕದಲ್ಲಿ, 330 ಎಂ.ಎಲ್. ಆದರೆ ಪೆಟ್ಟಿಗೆಗೆ 24, 650 ಆದರೆ 12. ಒಬ್ಬ ಗಿರಾಕಿಯ ಎರಡು ಪಿಂಟಿಗಾಗಿ ಉಳಿದ 22 ಬಾಟಲಿಗಳನ್ನು ಮೂಲೆಯಲ್ಲಿ ಇಟ್ಟುಕೊಳ್ಳಲು ಯಾವ ಮಾಲೀಕರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದ್ದರಿಂದ ನಾವು ನಾಲ್ವರು ಗೆಳೆಯರು ಸೇರಿ, ತಿಂಗಳೊಳಗೆ ಪೆಟ್ಟಿಗೆಯನ್ನು ನಾವೇ ಖಾಲಿ ಮಾಡುತ್ತೇವೆ ಎಂದು ಮಾತು ಕೊಟ್ಟೆವು. ಹತ್ತಾರು ಕಡೆ ಕೇಳಿದ ಮೇಲೆ ಒಪ್ಪಿದವರು ಮೂವರು. ವೈನ್ ಶಾಪಿನಲ್ಲಿ ಎಂ.ಆರ್.ಪಿ. ದರಕ್ಕೆ ಸಿಕ್ಕಿತೆಂದು ಕೊಂಡು ಬಾರಿಗೆ ಒಯ್ಯಬಾರದು; ಹೊರಗಿನ ಬಾಟಲಿಯನ್ನು ಅವರು ಟೇಬಲ್ಲಿಗೆ ಬಿಡುವುದಿಲ್ಲ.

ಮೂರು ಕಡೆಯೂ ಸಿಗುವುದು ಒಂದೇ ಸ್ಟೌಟ್ ಆದರೆ ಸುತ್ತುವುದರಲ್ಲಿ ಏನು ಅರ್ಥ ಎಂದು ನನ್ನ ಗೆಳೆಯನೊಬ್ಬ ಕೇಳಿದ. ನನ್ನ ಅನುಭವದಲ್ಲಿ ಸುತ್ತಿಗೆ ಅರ್ಥ ಬರುವುದೇ ಅಲ್ಲಿಂದ. ಒಂದೇ ಬಿಯರ್ ಮೂರು ಬಾರಿನಲ್ಲಿ ಮೂರು ಬಗೆಯಾಗಿರುತ್ತದೆ: ಒಂದು ಕಡೆ ಪೆಟ್ಟಿಗೆ ತಗಡಿನ ಶೀಟಿನ ಕೆಳಗೆ ಮೇ ತಿಂಗಳನ್ನು ಕಳೆದಿರುತ್ತದೆ, ಇನ್ನೊಂದು ಕಡೆ ನೆಲಮಾಳಿಗೆಯ ತಂಪಿನಲ್ಲಿರುತ್ತದೆ, ಮತ್ತೊಂದು ಕಡೆ ಗ್ಲಾಸಿಗೆ ಕಬಾಬಿನ ಎಣ್ಣೆ ಅಂಟಿರುತ್ತದೆ.

ಬಾರುಗಳನ್ನು ಆರಿಸುವಾಗ ರೈಲು ಹಳಿಯ ಒಂದೇ ಪಕ್ಕದಲ್ಲಿರುವವನ್ನು, ಒಂದರಿಂದ ಇನ್ನೊಂದಕ್ಕೆ ಹತ್ತು ನಿಮಿಷದಲ್ಲಿ ನಡೆದು ಹೋಗಬಹುದಾದವನ್ನು ಆರಿಸಬೇಕು. ನಮ್ಮ ಸುತ್ತು ರಾಯಲ್ ಸರ್ಕಲ್ಲಿನ ಆಸುಪಾಸಿನಲ್ಲೇ ಮುಗಿಯುತ್ತದೆ. ನಡುವಿನ ನಡಿಗೆ ಬಾಯಿಯನ್ನೂ ತಲೆಯನ್ನೂ ತಿಳಿಯಾಗಿಸುತ್ತದೆ. ಶನಿವಾರ, ಭಾನುವಾರ ಬೇಡ, ವಾರದ ನಡುವೆ ಸಂಜೆ ಏಳಕ್ಕೆ ಹೊರಟರೆ ಹಾಲ್ ಖಾಲಿಯಿರುತ್ತದೆ, ಹುಡುಗರಿಗೂ ನಮ್ಮ ತಗಾದೆ ಕೇಳುವ ತಾಳ್ಮೆಯಿರುತ್ತದೆ. ತಿಂಗಳುಗಳಲ್ಲಿ ನವೆಂಬರಿನಿಂದ ಫೆಬ್ರುವರಿ ಮೇಲು. ಮನೆಯಲ್ಲಿ ಎರಡು ಜೋಳದ ರೊಟ್ಟಿಯಾದರೂ ತಿಂದೇ ಹೊರಡಬೇಕು.

ಮೊದಲ ಬಾರಿನಲ್ಲಿ ಕುಳಿತ ಕೂಡಲೇ ಬಾಟಲಿಯನ್ನು ತರಿಸಿ, ತೆರೆಸದೆ ಟೇಬಲ್ಲಿನ ಮೇಲೆ ಇರಿಸಿಕೊಳ್ಳಿ. ಬಾರಿನ ಫ್ರಿಜ್ಜಿನಿಂದ ಬಂದದ್ದು ಮೂರು ನಾಲ್ಕು ಡಿಗ್ರಿಯಲ್ಲಿರುತ್ತದೆ. ಆ ಚಳಿಗೆ ನಾಲಿಗೆ ಮರಗಟ್ಟಿ ಕಹಿಯೊಂದೇ ತಿಳಿಯುತ್ತದೆ, ಹುರಿದ ವಾಸನೆ ಮೇಲೇಳುವುದೇ ಇಲ್ಲ. ಸ್ಟೌಟ್ ಬಾಯಿ ಬಿಡುವುದು ಎಂಟರಿಂದ ಹನ್ನೆರಡು ಡಿಗ್ರಿಯ ನಡುವೆ. ಥರ್ಮಾಮೀಟರ್ ಬೇಕಿಲ್ಲ: ಬಾಟಲಿಯ ಹೊರಮೈಯಲ್ಲಿ ಮೊದಲು ಮಂಜು ಕಟ್ಟುತ್ತದೆ, ಆಮೇಲೆ ಅದು ಹನಿಯಾಗಿ ಇಳಿಯುತ್ತದೆ, ಅಂಗೈಯಿಂದ ಹಿಡಿದರೆ ಹಿತವಾಗಿ ತಂಪೆನಿಸಬೇಕೇ ಹೊರತು ಕೈ ಹಿಂದಕ್ಕೆ ತೆಗೆಯುವಂತಿರಬಾರದು. ಚಳಿಗಾಲದಲ್ಲಿ ಫ್ಯಾನಿನ ಹಾಲಿನಲ್ಲಿ ಇದಕ್ಕೆ ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಹೊರಗೆ ನಲವತ್ತು ಡಿಗ್ರಿ ದಾಟಿದ ದಿನವಾದರೆ ಹತ್ತೇ ನಿಮಿಷದಲ್ಲಿ ಆ ಹದ ಬರುತ್ತದೆ, ಬಂದಷ್ಟೇ ಬೇಗ ದಾಟಿಯೂ ಹೋಗುತ್ತದೆ. ಬೇಸಿಗೆಯ ಮಟ್ಟಿಗೆ ಎ.ಸಿ. ಹಾಲಿಗೆ ಕೊಡುವ ಹೆಚ್ಚಿನ ದುಡ್ಡು ದಂಡವಲ್ಲ.

ಗ್ಲಾಸು ಫ್ರೀಜರಿನದು ಬೇಡ, ಸ್ಟೀಲಿನ ಲೋಟವೂ ಬೇಡ. ಮಾಮೂಲಿ ಗಾಜಿನ ಗ್ಲಾಸನ್ನು ಬರಿ ನೀರಿನಲ್ಲಿ ಮತ್ತೊಮ್ಮೆ ಜಾಲಿಸಿ ತರಲು ಹೇಳಿ. ಎಣ್ಣೆಯ ಪಸೆಯಾಗಲಿ ಸೋಪಿನ ಅಂಶವಾಗಲಿ ಇದ್ದರೆ ನೊರೆ ಕ್ಷಣದಲ್ಲಿ ಬಸಿದುಹೋಗುತ್ತದೆ. ಗ್ಲಾಸನ್ನು ವಾರೆ ಹಿಡಿದು ಮುಕ್ಕಾಲು ಭಾಗ ನಿಧಾನವಾಗಿ ಸುರಿದು, ನಿಮಿಷ ಬಿಟ್ಟು, ಗ್ಲಾಸನ್ನು ನೆಟ್ಟಗೆ ನಿಲ್ಲಿಸಿ ಉಳಿದುದನ್ನು ನಡುವಿಗೆ ಸುರಿಯಬೇಕು. ಮೇಲೆ ಎರಡು ಬೆರಳು ದಪ್ಪದ, ಫಿಲ್ಟರ್ ಕಾಫಿಯ ಬಣ್ಣದ ನೊರೆ ನಿಲ್ಲುತ್ತದೆ. ಚಿತ್ರಗಳಲ್ಲಿ ಕಾಣುವ, ಕೆನೆಯಂತೆ ನಿಂತ ಬಿಳಿ ನೊರೆ ನೈಟ್ರೋಜನ್ ಅನಿಲದ ಕೆಲಸ, ಗಿನ್ನೆಸ್ಸಿನವರು 1959ರಲ್ಲಿ ರೂಢಿಗೆ ತಂದದ್ದು. ಸಾಮಾನ್ಯ ಬಾಟಲಿಯ ಸ್ಟೌಟಿನಿಂದ ಅದನ್ನು ನಿರೀಕ್ಷಿಸಬೇಡಿ.

ಕುಡಿಯುವ ಮುನ್ನ ಮೂಸಿ. ಪರದೇಶದವರು ಚಾಕಲೇಟು, ಎಸ್ಪ್ರೆಸ್ಸೊ ಎಂದೆಲ್ಲ ಬರೆಯುತ್ತಾರೆ, ಅದನ್ನು ಕಂಠಪಾಠ ಮಾಡಿಕೊಂಡು ಹೋದರೆ ಬೇರೆ ಏನೂ ಸಿಗುವುದಿಲ್ಲ. ನನಗೆ ಮೊದಲು ಸಿಕ್ಕಿದ್ದು ಕಟ್ಟಿಗೆ ಒಲೆಯ ಹಂಚಿನ ಮೇಲೆ ರೊಟ್ಟಿ ಉಬ್ಬಿದಾಗ ಅಲ್ಲಲ್ಲಿ ಸೀದು ಬೀಳುವ ಕಪ್ಪು ಚುಕ್ಕೆಯ ವಾಸನೆ. ಆಮೇಲೆ ಶೇಂಗಾ ಹುರಿದು ಉಜ್ಜಿದಾಗ ಹಾರುವ ಸಿಪ್ಪೆ, ತೀರ ಹಿಂದೆ ಹಳೆಯ ಕರಿ ಬೆಲ್ಲ. ಒಂದು ಗುಟುಕನ್ನು ಬಾಯಲ್ಲಿ ಹೊರಳಿಸಿ ನುಂಗಿದ ಮೇಲೆ ಕಹಿ ಎಲ್ಲಿ ನಿಂತಿದೆ ಎಂದು ಗಮನಿಸಬೇಕು. ನಾಲಿಗೆಯ ಹಿಂಭಾಗದಲ್ಲಿ ಒಣಗಿದಂತೆ ನಿಂತರೆ ಅದು ಹುರಿದ ಬಾರ್ಲಿಯ ಗುಣ. ಕಿರುಪುಸ್ತಕವೊಂದರಲ್ಲಿ ಬಾರು, ತಾರೀಖು, ಬಾಟಲಿಯ ತಯಾರಿಕೆಯ ತಿಂಗಳು, ನೊರೆ ಎಷ್ಟು ನಿಮಿಷ ನಿಂತಿತು, ಮೊದಲು ನೆನಪಾದ ವಾಸನೆ ಯಾವುದು ಎಂಬ ಐದು ಸಂಗತಿಗಳನ್ನು ಅಲ್ಲಿಯೇ ಬರೆದುಕೊಳ್ಳಿ. ಮನೆಗೆ ಹೋಗಿ ಬರೆಯುತ್ತೇನೆಂದವರ ಪುಸ್ತಕ ಖಾಲಿಯೇ ಉಳಿಯುತ್ತದೆ.

ಎರಡನೆಯ ಬಾರಿನಲ್ಲಿ ಅದೇ ಬಾಟಲಿಯನ್ನು ಅದೇ ಕ್ರಮದಲ್ಲಿ ತೆರೆಸಿ ಹೋಲಿಸಬೇಕು. ಹುರಿದ ವಾಸನೆಯ ಬದಲು ನೆನೆದ ರಟ್ಟಿನ ವಾಸನೆ ಬಂದರೆ, ಬಿಯರ್ ಬಿಸಿಯಲ್ಲಿ ಬಹಳ ದಿನ ಕುಳಿತು ಮುದಿಯಾಗಿದೆ ಎಂದೇ ಅರ್ಥ. ಲೇಬಲ್ಲಿನ ತಾರೀಖು ಸರಿಯಾಗಿದ್ದರೂ ಹೀಗಾಗಬಹುದು, ಏಕೆಂದರೆ ಆ ತಾರೀಖನ್ನು ಹಾಕಿದವರಿಗೆ ಬಳ್ಳಾರಿಯ ಗೋದಾಮಿನ ಬಿಸಿ ಗೊತ್ತಿರುವುದಿಲ್ಲ. ಅಂಥದನ್ನು ಕುಡಿದು ಮುಗಿಸಲೇಬೇಕೆಂದಿಲ್ಲ. ಗಲ್ಲೆಯವರಿಗೆ ಒಂದು ಗುಟುಕು ಮೂಸಲು ಕೊಟ್ಟು, ಪೆಟ್ಟಿಗೆಯನ್ನು ಒಳಗೆ ತಂಪಿನಲ್ಲಿಡಲು ಕೇಳಿಕೊಂಡರೆ ಮುಂದಿನ ಸುತ್ತಿಗೆ ಅನುಕೂಲ.

ನಂಚಿಕೊಳ್ಳುವ ವಿಷಯದಲ್ಲಿ ನಮ್ಮವರಿಗೆ ನೋವಾಗುವ ಮಾತೊಂದನ್ನು ಹೇಳಲೇಬೇಕು: ಸ್ಟೌಟಿನ ಜೊತೆ ಮಿರ್ಚಿ ಬೇಡ. ಖಾರದ ಉರಿಯ ಮೇಲೆ ಬಿಯರಿನ ಗ್ಯಾಸೂ ಕಹಿಯೂ ಬಿದ್ದರೆ ಉರಿ ಇಮ್ಮಡಿಸುತ್ತದೆ, ಆಮೇಲೆ ಅರ್ಧ ತಾಸು ಏನು ಕುಡಿದರೂ ಒಂದೇ. ಒಗ್ಗರಣೆ ಮಿರ್ಚಿಯನ್ನು ಸುತ್ತೆಲ್ಲ ಮುಗಿದ ಮೇಲೆ ತಿನ್ನಿ. ಖಾರ ಹಚ್ಚದ ಬೇಯಿಸಿದ ಶೇಂಗಾ, ಉಪ್ಪು ಚಿಮುಕಿಸಿದ ಬೇಯಿಸಿದ ಮೊಟ್ಟೆ ಎರಡೂ ಒಪ್ಪುತ್ತವೆ. ಎಲ್ಲಕ್ಕಿಂತ ಚೆನ್ನಾಗಿ ಹೊಂದುವುದು ಕೆಂಡದ ಮೇಲೆ ಸುಟ್ಟ ಮಾಂಸ, ಅಂಚು ಕಪ್ಪಾದದ್ದು. ಸುಟ್ಟ ರುಚಿಗೂ ಹುರಿದ ರುಚಿಗೂ ಮೂಲ ಒಂದೇ. ಹಿಂದೆ ಲಂಡನ್ನಿನವರು ಸ್ಟೌಟಿನ ಜೊತೆ ಸಮುದ್ರದ ಸಿಂಪಿ ತಿನ್ನುತ್ತಿದ್ದರು. ನಮಗೆ ಸಮುದ್ರ ದೂರ, ತುಂಗಭದ್ರೆಯ ಮೀನನ್ನು ಉಪ್ಪು, ಅರಿಸಿನವಷ್ಟೇ ಹಚ್ಚಿ ಹುರಿದುಕೊಡಲು ಒಪ್ಪುವ ಅಡುಗೆಯವರು ಸಿಕ್ಕರೆ ಅಷ್ಟೇ ಭಾಗ್ಯ.

ಮೂರನೆಯ ಬಾರಿಗೆ ಸಿಹಿಯನ್ನು ಉಳಿಸಿಕೊಳ್ಳಿ. ಹಾಲಿನ ಸಕ್ಕರೆ ಸೇರಿಸಿ ಮಾಡುವ ಮಿಲ್ಕ್ ಸ್ಟೌಟ್ ಎಲ್ಲಾದರೂ ಸಿಕ್ಕರೆ ಅದರ ಸರದಿ ಕೊನೆಯದು, ಏಕೆಂದರೆ ಸಿಹಿಯಾದ ಮೇಲೆ ಒಣ ಸ್ಟೌಟ್ ಬರಿ ಕಹಿಯೆನಿಸುತ್ತದೆ. ಅದು ಸಿಗದ ದಿನ ನಾನು ಕಾಗದದಲ್ಲಿ ಸುತ್ತಿ ಒಯ್ದ ಶೇಂಗಾ ಹೋಳಿಗೆಯನ್ನು ಮಾಲೀಕರ ಅನುಮತಿ ಕೇಳಿ ಬಿಚ್ಚುತ್ತೇನೆ. ಒಂದು ಚೂರು ಹೋಳಿಗೆ, ಒಂದು ಗುಟುಕು ಸ್ಟೌಟ್; ಬೆಲ್ಲ ಕಹಿಯನ್ನು ಹಿಂದಕ್ಕೆ ತಳ್ಳುತ್ತದೆ, ಹುರಿದ ಶೇಂಗಾ ಮುಂದಕ್ಕೆ ಬರುತ್ತದೆ. ಮೊದಲ ಸಲ ನಕ್ಕಿದ್ದ ಪಕ್ಕದ ಟೇಬಲ್ಲಿನ ಹಿರಿಯರೊಬ್ಬರು ಎರಡನೆಯ ಸಲ ತಮಗೂ ಒಂದು ಚೂರು ಕೇಳಿದರು.

ಮನೆಗೆ ಮರಳಲು ಆಟೋ ಹಿಡಿಯಿರಿ. ಬೈಕನ್ನು ಮನೆಯಲ್ಲೇ ಬಿಟ್ಟು ಬಂದಿರಬೇಕು. 100 ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ದಾಟಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಇಲ್ಲವೆ ಎರಡೂ. ಹೊರಡುವ ಮುನ್ನ ಗಲ್ಲೆಯವರಲ್ಲಿ ಪೆಟ್ಟಿಗೆಯಲ್ಲಿ ಇನ್ನೆಷ್ಟು ಬಾಟಲಿ ಉಳಿದಿವೆ ಎಂದು ಎಣಿಸಿ ಬರೆದುಕೊಳ್ಳಿ, ಮುಂದಿನ ವಾರದ ದಿನವನ್ನೂ ಅವರಿಗೆ ಹೇಳಿಡಿ. ಕಳೆದ ಸಲ ನಾವು ಹೋದಾಗ, ಮೊದಲ ಬಾರಿನ ಹುಡುಗ ನಮ್ಮನ್ನು ಬಾಗಿಲಲ್ಲಿ ಕಂಡವನೇ ಎರಡು ಬಾಟಲಿಗಳನ್ನು ಫ್ರಿಜ್ಜಿನಿಂದ ತೆಗೆದು, ತೆರೆಯದೆ, ಟೇಬಲ್ಲಿನ ಮೇಲಿಟ್ಟು ಹೋದ.