ಕೋ-ಪೈಲಟ್ ‘ಗೋ ಅರೌಂಡ್’ ಅಂದ ಮೇಲೆ ಏನಾಗಬೇಕು?

2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯ ರನ್‌ವೇ ದಾಟಿ ಕಣಿವೆಗುರುಳಿ 158 ಮಂದಿ ತೀರಿಕೊಂಡರು. ಹದ ತಪ್ಪಿದ ಅಪ್ರೋಚನ್ನು (ಇಳಿಯಲು ರನ್‌ವೇ ಕಡೆ ಬರುವುದನ್ನು) ಕೈಬಿಡದ ಕ್ಯಾಪ್ಟನ್ನೇ ಕಾರಣ ಎಂದಿತು ತನಿಖಾ ವರದಿ. ತರಬೇತಿ ವಿಭಾಗದವರು ಓದನ್ನು ಅಲ್ಲಿಗೇ ನಿಲ್ಲಿಸಬಾರದು. ಕೋ-ಪೈಲಟ್ ಮತ್ತೆ ಮತ್ತೆ ‘ಗೋ ಅರೌಂಡ್’ (ಇಳಿಯದೆ ಮೇಲೇರಿ ಸುತ್ತಿ ಬನ್ನಿ) ಎಂದರೂ ಕಂಟ್ರೋಲ್ ಕೈಗೆ ತೆಗೆದುಕೊಳ್ಳಲಿಲ್ಲ. ಆ ಅಧಿಕಾರದ ಬಗ್ಗೆ ಸೂಚನೆಗಳೇ ಅಸ್ಪಷ್ಟವಾಗಿದ್ದವು ಎಂಬುದೂ ವರದಿಯಲ್ಲೇ ಇದೆ.

ಹಾಗಾಗಿ ಮೊದಲು ಮ್ಯಾನ್ಯುಯಲ್ ತಿದ್ದಿ. ಮೋಡವಿದ್ದರೆ ರನ್‌ವೇಯಿಂದ 1000 ಅಡಿ ಎತ್ತರದಲ್ಲಿ, ಕಣ್ಣಿಗೆ ಎಲ್ಲ ಕಾಣುತ್ತಿದ್ದರೆ 500 ಅಡಿಯಲ್ಲಿ ವೇಗ, ಇಳಿಯುವ ಕೋನ, ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಮಡಿಕೆ), ಗೇರ್ (ಚಕ್ರಗಳು), ಚೆಕ್‌ಲಿಸ್ಟ್ ಎಲ್ಲವೂ ಸರಿಯಿರಬೇಕು. ಇಳಿಯುವ ದರ ನಿಮಿಷಕ್ಕೆ 1000 ಅಡಿ ಮೀರಬಾರದು. ಒಂದು ತಪ್ಪಿದರೂ ಗೋ ಅರೌಂಡ್. ಯಾರೇ ಹೇಳಲಿ, ಚರ್ಚೆ ನೆಲದ ಮೇಲೆ. ಎರಡು ಸಲ ಹೇಳಿದರೂ ಉತ್ತರ ಬರದಿದ್ದರೆ ಕೋ-ಪೈಲಟ್ ‘ಐ ಹ್ಯಾವ್ ಕಂಟ್ರೋಲ್’ ಎಂದು ತಾನೇ ವಿಮಾನ ಎತ್ತಬೇಕು ಎಂದು ಸ್ಪಷ್ಟವಾಗಿ ಬರೆಯಿರಿ. ಬರೆದಷ್ಟಕ್ಕೆ ಕೈ ಏಳುವುದಿಲ್ಲ. ಸಿಮ್ಯುಲೇಟರ್‌ನಲ್ಲಿ ಹಿರಿಯ ತರಬೇತುದಾರರೇ ಸುಮ್ಮನೆ ಕೂತು ಅಪ್ರೋಚ್ ಕೆಡಿಸಲಿ, ಕಿರಿಯರು ನಿಜವಾಗಿ ಕಂಟ್ರೋಲ್ ಕಸಿದುಕೊಳ್ಳಲಿ. ಬೋಯಿಂಗ್ 737ರಲ್ಲಾದರೆ ಟೋಗಾ (ಗೋ ಅರೌಂಡ್‌ಗೆ ಎಂಜಿನ್ ಶಕ್ತಿ ಏರಿಸುವ ಗುಂಡಿ) ಒತ್ತಿ, ಫ್ಲ್ಯಾಪ್ 15, ವಿಮಾನ ಏರುತ್ತಿರುವುದು ಖಚಿತವಾದ ಮೇಲೆ ಗೇರ್ ಮೇಲಕ್ಕೆ.

ಇದಕ್ಕೊಂದು ಗಡಿಯಿದೆ: ರಿವರ್ಸರ್ (ಎಂಜಿನ್ ಬಲವನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ಸಾಧನ) ಎಳೆದ ಮೇಲೆ ಮತ್ತೆ ಹಾರುವ ಮಾತಿಲ್ಲ, ಪೂರ್ತಿ ಬ್ರೇಕ್ ಅಷ್ಟೇ. ಬಜ್ಪೆಯಲ್ಲಿ ಚಕ್ರ ನೆಲ ಮುಟ್ಟಿದ್ದೇ ಸುಮಾರು 5200 ಅಡಿ ದಾಟಿ; ರನ್‌ವೇ ಇದ್ದದ್ದು 8033 ಅಡಿ. ಆಗಲೂ ಪೂರ್ತಿ ರಿವರ್ಸ್, ಪೂರ್ತಿ ಬ್ರೇಕ್ ಹಾಕಿದ್ದರೆ ನಿಲ್ಲುತ್ತಿತ್ತು ಎಂದು ವರದಿಯ ಲೆಕ್ಕ. ಕ್ಯಾಪ್ಟನ್ ಮತ್ತೆ ಏರಲು ಹೊರಟರು.

ಇನ್ನು ಕಚೇರಿಯ ಕೆಲಸ. ಗೋ ಅರೌಂಡ್ ಮಾಡಿದವರಿಂದ ಸಮಜಾಯಿಷಿ ಕೇಳುವ, ಇಂಧನದ ಲೆಕ್ಕ ಎತ್ತುವ ಅಭ್ಯಾಸವಿದ್ದರೆ ಈಗಲೇ ಬಿಡಿ. ಗಡಸು ಲ್ಯಾಂಡಿಂಗಿಗೆ ಬೈಯುವುದೂ ಅಷ್ಟೇ ಕೆಟ್ಟದ್ದು. ಬೈಗುಳಕ್ಕೆ ಹೆದರಿದ ಪೈಲಟ್ ಮೆತ್ತಗೆ ಇಳಿಸಲು ಹೋಗಿ ತೇಲುತ್ತಾನೆ. 144 ನಾಟ್ ವೇಗದಲ್ಲಿ ಸೆಕೆಂಡಿಗೆ ಸುಮಾರು 240 ಅಡಿ ರನ್‌ವೇ ಕೈತಪ್ಪುತ್ತದೆ. ಟೇಬಲ್‌ಟಾಪ್‌ನಲ್ಲಿ (ಬಜ್ಪೆಯಂತೆ ಗುಡ್ಡದ ನೆತ್ತಿಯ ರನ್‌ವೇಯಲ್ಲಿ) ಅದು ಮತ್ತೆ ಸಿಗುವುದಿಲ್ಲ. ಪ್ರತಿ ತಿಂಗಳೂ ಹಾರಾಟದ ಡೇಟಾದಿಂದ ಅಸ್ಥಿರ ಅಪ್ರೋಚ್‌ಗಳನ್ನು ಹೆಕ್ಕಿ, ಅವುಗಳಲ್ಲಿ ಎಷ್ಟು ಗೋ ಅರೌಂಡ್ ಆದವು ನೋಡಿ. ಇಳಿದೇಬಿಟ್ಟವರ ಜೊತೆ, ಹೆಸರು ಬಯಲಾಗದಂತೆ, ಕೂತು ಮಾತಾಡಿ. ಬೇಕೆಂದೇ ಮತ್ತೆ ಮತ್ತೆ ನಿಯಮ ಮುರಿಯುವವರಿಗೆ ಮಾತ್ರ ಶಿಸ್ತುಕ್ರಮ.