ಹಳೇ ಪಾತ್ರದ ಚಟ ಬೇಕು, ಸಾವು ಬೇಡ

ನನ್ನ ಕಾಮಿಕ್ ಸ್ಟ್ರಿಪ್‌ನ ನಾಯಕನ ಹೆಸರು ಲೆಕ್ಕಪ್ಪ. ರಿಟೈರ್ ಆದ ಆಡಿಟರ್, ಒಣಕಲು ಆಸಾಮಿ. ಕಣ್ಣು ಹಾಯಿಸಿದ ಕಡೆಯೆಲ್ಲ ಅವನಿಗೆ ಹಗರಣವೇ ಕಾಣುತ್ತದೆ. ಜೊತೆಗೆ ಸಣ್ಣಯ್ಯ ಅಂತ ಒಬ್ಬ ಡುಮ್ಮ. 'ಇವರು ಡಾನ್ ಕ್ವಿಕ್ಸೋಟ್, ಸ್ಯಾಂಚೋ ಅಲ್ವಾ?' ಅಂತ ಓದುಗರು ಕೇಳುತ್ತಾರೆ. ಹೌದು, ಅವರೇ. ಸ್ಪೇನಿನ ಕಾದಂಬರಿಕಾರ ಸೆರ್ವಾಂಟಿಸ್ 1605ರಲ್ಲಿ ತಂದ ಆ ಮುದುಕ ಕ್ವಿಕ್ಸೋಟನೂ ತೀರಾ ಹೊಸಬನೇನಲ್ಲ. ವೀರರ ಕಥೆ ಓದಿ ಓದಿ ತಲೆ ಕೆಟ್ಟು, ಅಮಾಡಿಸ್ ಎಂಬ ಹಳೇ ಕಥಾನಾಯಕನ ಹಾಗೆ ಆಗಲು ಹೊರಟವನು!

ಹಳೇ ಪಾತ್ರ ಎತ್ತಿಕೊಳ್ಳುವಾಗ ನಾನು ಮೊದಲು ಹುಡುಕುವುದು ಅದರ ಚಟವನ್ನು. ವೇಷಭೂಷಣ ಆಮೇಲೆ. ಕ್ವಿಕ್ಸೋಟ್‌ನ ಕುದುರೆ, ಈಟಿ, ಕವಚ ಎಲ್ಲ ಬಿಟ್ಟೆ. ಗಾಳಿ ಗಿರಣಿಯಲ್ಲಿ ರಾಕ್ಷಸನನ್ನು ಕಾಣುವ ಗುಣ ಉಳಿಸಿಕೊಂಡೆ. ಅವನ ಸೇವಕ ಸ್ಯಾಂಚೋನಿಂದ ಆಸೆ ತಗೊಂಡೆ. ಒಂದು ದ್ವೀಪವನ್ನು ಆಳಲು ಕೊಡುತ್ತೇನೆ ಅಂದಿದ್ದಕ್ಕೆ ತಾನೇ ಅವನು ಯಜಮಾನನ ಹಿಂದೆ ಹೊರಟಿದ್ದು? ನನ್ನ ಸಣ್ಣಯ್ಯನಿಗೆ ಮ್ಯಾನೇಜರ್ ಹುದ್ದೆಯ ಆಸೆ.

ಒಂದು ಸ್ಟ್ರಿಪ್ ಹೇಳುತ್ತೇನೆ. ಮೊದಲ ಚೌಕದಲ್ಲಿ ಲೆಕ್ಕಪ್ಪ ಲಿಫ್ಟ್ ಒಳಗಿನ ಬೋರ್ಡಿಗೆ ಭೂತಗನ್ನಡಿ ಹಿಡಿದಿದ್ದಾನೆ. "6 ಜನ, 408 ಕೆಜಿ. ತಲೆಗೆ 68 ಆಯ್ತು, ಅಲ್ವೇನೋ?" ಎರಡನೆಯದರಲ್ಲಿ ಸಣ್ಣಯ್ಯ ಹೊಟ್ಟೆ ಸವರಿಕೊಂಡು, "ನಾನು 90 ಇದ್ದೀನಿ ಸಾರ್." ಮೂರನೆಯದರಲ್ಲಿ ಲೆಕ್ಕಪ್ಪ ಗಂಭೀರವಾಗಿ ಬರೆದುಕೊಳ್ಳುತ್ತಾನೆ: "22 ಕೆಜಿ ಅಕ್ರಮ ದಾಸ್ತಾನು." ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಸಣ್ಣಯ್ಯ: "ಮ್ಯಾನೇಜರ್ ಕೆಲಸ ಇನ್ನೂ ನಂಗೇ ತಾನೇ ಸಾರ್?"

ಇಲ್ಲಿವರೆಗೆ ಸುಲಭ. ಕಷ್ಟ ಇರುವುದು ಮೂಲ ಕಥೆಯ ಕೊನೆಯಲ್ಲಿ. 1615ರ ಎರಡನೇ ಭಾಗದ ಕೊನೆಗೆ ಕ್ವಿಕ್ಸೋಟ್‌ಗೆ ಬುದ್ಧಿ ಸರಿಹೋಗುತ್ತದೆ, ಸಾಯುತ್ತಾನೆ. ಕಾದಂಬರಿಗೆ ಚೆನ್ನ. ನಾಳೆಯೂ ಅಚ್ಚಾಗಬೇಕಾದ ಸ್ಟ್ರಿಪ್‌ಗೆ ಇದು ಆಗಿಬರುವುದಿಲ್ಲ.

ಹಿಂದಿನವರು ಇದಕ್ಕೆ ಏನು ಮಾಡಿದರು ಅಂತ ನೋಡಿದರೆ ಮಜಾ ಇದೆ. ಜರ್ಮನಿಯ ವಿಲ್ಹೆಲ್ಮ್ ಬುಶ್ 1865ರಲ್ಲಿ ಮ್ಯಾಕ್ಸ್, ಮೋರಿಟ್ಜ್ ಎಂಬ ಇಬ್ಬರು ಪೋಕರಿ ಹುಡುಗರ ಕಥೆ ಬರೆದ. ಕೊನೆಗೆ ಅವರನ್ನು ಗಿರಣಿಗೆ ಹಾಕಿ ಬೀಸಿ, ಬಾತುಕೋಳಿಗೆ ತಿನ್ನಿಸುತ್ತಾನೆ. ಮಕ್ಕಳ ಪುಸ್ತಕ ಇದು! 1897ರಲ್ಲಿ ಅಮೆರಿಕದ ಪತ್ರಿಕೆಯೊಂದಕ್ಕೆ ರುಡಾಲ್ಫ್ ಡರ್ಕ್ಸ್ ಅದೇ ಅಚ್ಚಿನ ಹಾನ್ಸ್, ಫ್ರಿಟ್ಜ್ ಜೋಡಿಯನ್ನು ತಂದ. ಗಿರಣಿ ಹೋಯಿತು, ಕುಂಡೆ ಮೇಲೆ ಏಟು ಬಂತು. ಅತ್ತು ಮುಗಿಸಿ ಮುಂದಿನ ವಾರ ಮತ್ತೆ ಹಾಜರ್.

ಬ್ಯಾಟ್‌ಮ್ಯಾನ್ ಕಾಮಿಕ್ಸ್‌ನ ಖಳ ಜೋಕರ್ ಕಥೆ ಇನ್ನೂ ಚೆನ್ನಾಗಿದೆ. ಅವನ ಮುಖಕ್ಕೆ ಮಾದರಿ 1928ರ ಮೂಕಿ ಚಿತ್ರವೊಂದರಲ್ಲಿ ಕಾನ್ರಾಡ್ ವೈಟ್ ಹಾಕಿದ ವೇಷ. ಆ ಪಾತ್ರ ಫ್ರೆಂಚ್ ಕಾದಂಬರಿಕಾರ ವಿಕ್ಟರ್ ಹ್ಯೂಗೋನದು. ಬಾಯಿ ಕೊಯ್ದು ನಗು ಮಾಡಿದ್ದರೂ ಒಳಗೆ ತುಂಬ ಮೆದು ಮನುಷ್ಯ. ಬ್ಯಾಟ್‌ಮ್ಯಾನ್ ತಂಡ ಆ ಹಲ್ಲುಗಳನ್ನಷ್ಟೇ ತಗೊಂಡಿತು, ಮನಸ್ಸನ್ನು ಬಿಟ್ಟಿತು. 1940ರ ಮೊದಲ ಸಂಚಿಕೆಯಲ್ಲೇ ಜೋಕರ್ ಸಾಯಬೇಕಿತ್ತು. ಸಂಪಾದಕ ವಿಟ್ನಿ ಎಲ್ಸ್‌ವರ್ತ್ ಒಂದು ಚೌಕ ಜಾಸ್ತಿ ಹಾಕಿಸಿ ಉಳಿಸಿದ. ಇಂಥ ಸಂಪಾದಕರು ಎಲ್ಲರಿಗೂ ಸಿಗಲಿ.

ನಾನು ಮಾಡುವುದೂ ಇದನ್ನೇ. ಲೆಕ್ಕಪ್ಪ ಆಗಾಗ ಬುದ್ಧಿವಂತನಾಗುವ ಅಂಚಿಗೆ ಬರುತ್ತಾನೆ. ಸಣ್ಣಯ್ಯ ಹೇಳಿದ್ದನ್ನು ಪೂರ್ತಿ ಒಪ್ಪುತ್ತಾನೆ. ಅಷ್ಟರಲ್ಲಿ, 'ಇವನ ಮಾತು ಇಷ್ಟು ಸರಿಯಾಗಿದೆ ಅಂದರೆ ಏನೋ ಮಸಲತ್ತಿರಬೇಕು' ಅನ್ನಿಸಿಬಿಡುತ್ತದೆ. ಅಲ್ಲಿಗೆ ಗಾಡಿ ಮತ್ತೆ ಹಳೇ ಹಳಿಗೆ.

ಈಗ ಅರೇಬಿಯನ್ ನೈಟ್ಸ್‌ನ ಶಹರಜಾದ್ ಮೇಲೆ ಕಣ್ಣು ಬಿದ್ದಿದೆ. ರಾತ್ರಿ ಕಥೆ ಶುರು ಮಾಡಿ, ಬೆಳಗಾಗುವಾಗ ಅರ್ಧಕ್ಕೆ ನಿಲ್ಲಿಸಿ, ಕೊಲ್ಲಲು ಕಾದ ರಾಜನಿಂದ ಜೀವ ಉಳಿಸಿಕೊಳ್ಳುವವಳು. ದಿನದ ಸ್ಟ್ರಿಪ್‌ಗೆ ಹೇಳಿ ಮಾಡಿಸಿದಂತಿದ್ದಾಳೆ. ನನ್ನವಳು ಸಾಲ ಮಾಡಿಕೊಂಡವಳು, ಹಣ ವಾಪಸ್ ಕೇಳಲು ಬಂದವನಿಗೆ ದಿನಕ್ಕೊಂದು ಕಥೆ ಹೇಳಿ ಸಾಗಹಾಕುತ್ತಾಳೆ. ಮೂಲದಲ್ಲಿ ರಾಜನ ಮನಸ್ಸು ಕೊನೆಗೆ ಕರಗುತ್ತದೆ. ನನ್ನ ಸಾಲ ಕೊಟ್ಟವನು ಕರಗಬಾರದು, ಕಥೆ ಕೇಳದೆ ಎದ್ದು ಹೋಗಲೂ ಬಾರದು. ಅಂಥವನ ಮೂತಿ ಹೇಗಿರಬೇಕು ಅನ್ನೋದೊಂದು ಇನ್ನೂ ಕೈಗೆ ಸಿಕ್ಕಿಲ್ಲ.